ಬುತ್ತಿಯ ಹಿಂಡಿ

ಬೆಳಗಾವಿಯಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಹುಕ್ಕೇರಿ ತಾಲ್ಲೂಕಿಗೆ ಸೇರಿದ ಯಮಕನಮರಡಿ ಎಂಬ ಊರು ಇದೆ. ಸಹ್ಯಾದ್ರಿಯ ಮಳೆನಾಡು ಹಿಂದುಳಿದು ಬಯಲುಸೀಮೆ ಮೊದಲಾಗುವ ಎಡೆ ಅದು. ಹಿಂಗಾರಿ ಪೈರು ಮೊಳಕಾಲೆತ್ತರ ಬಂದ ದಿನಗಳಲ್ಲಿ, ನಡುಹಗಲಿನ ಹೊತ್ತಿಗೆ ಆ ಸೀಮೆಯ ಹೊಲದ ಬದುವಿನ ಮೇಲೆ ನಿಂತು ನೋಡಿದರೆ, ಬೇವಿನ ನೆರಳಿನಲ್ಲಿ ಬುತ್ತಿಯ ಗಂಟು ಬಿಚ್ಚಿಕೊಳ್ಳುವುದು ಕಾಣುತ್ತದೆ. ಬಿಳಿಯ ಅರಿವೆಯೊಳಗೆ ಜೋಳದ ರೊಟ್ಟಿಗಳು. ಅವುಗಳ ಮೇಲೆ ಬದನೆಕಾಯಿಯ ಪಲ್ಯ, ಒಂದು ಉಳ್ಳಾಗಡ್ಡಿ, ಎಳೆಯ ಮೆಂತ್ಯೆಯ ನಾಲ್ಕು ಎಸಳು. ರೊಟ್ಟಿಯ ಅಂಚಿನಲ್ಲಿ ಎರಡು ಮೂರು ಬಣ್ಣದ ಪುಡಿಗಳ ಸಣ್ಣ ಸಣ್ಣ ಗುಡ್ಡೆಗಳು: ಕಂದುಬಣ್ಣದ್ದು ಅಗಸಿಯದು, ಕಪ್ಪಗಿರುವುದು ಗುರೆಳ್ಳಿನದು, ಕೆಂಪಗಿರುವುದು ಶೇಂಗಾದ್ದು. ಇವುಗಳಿಗೆ ಆ ಕಡೆಯ ಜನ ಹಿಂಡಿ ಎಂದು ಕರೆಯುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು ದನಗಳ ಬಾಯಿಗೆ ಹೋಗುವುದಕ್ಕೂ ಹಿಂಡಿ ಎಂದೇ ಹೆಸರು. ಹೆಸರಿನಲ್ಲಿಯೇ ಇಷ್ಟು ಅಗ್ಗವಾದ ಪದಾರ್ಥಕ್ಕೆ ಯಾರು ತಾನೆ ಮರ್ಯಾದೆ ಕೊಟ್ಟಾರು?

ಶಾಲೆಗೆ ಬಿಡುವಿದ್ದ ದಿನ ಹೊಲಕ್ಕೆ ಬಂದ ಹುಡುಗನು ಆ ಪುಡಿಯನ್ನು ಕಂಡು ಮೋರೆ ತಿರುವುವುದೂ ಹೊಸತಲ್ಲ.

"ದಿನಾ ಇದ ಹಿಂಡಿ ಏನ ಆಯಿ?"

"ತಿನ್ನೊ ಯಪ್ಪಾ. ಹಿಂಡಿ ಇಲ್ದ ಒಣಾ ರೊಟ್ಟಿ ಗಂಟಲ್ದಾಗ ಇಳೀತೈತೇನ?"

ಅಜ್ಜಿಯ ಉತ್ತರವು ನಾಲಗೆಯನ್ನೂ ಗಂಟಲನ್ನೂ ಕುರಿತದ್ದು. ಆದರೆ ಆ ಒಂದು ಚಿಟಿಕೆ ಪುಡಿಗೆ ಇನ್ನೂ ಒಂದು ಸಮರ್ಥನೆಯುಂಟು. ಅದನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೆ ಇಪ್ಪತ್ತನೆಯ ಶತಮಾನದ ಬಹುಭಾಗವೇ ಬೇಕಾಯಿತು.

ಆಹಾರದಲ್ಲಿರುವ ಜಿಡ್ಡಿನ ಅಂಶವನ್ನು ಶಕ್ತಿಯ ಕಣಜವೆಂದು ಭಾವಿಸುವುದು ವಾಡಿಕೆ. ಅದು ಸರಿಯೇ. ಒಂದು ಗ್ರಾಂ ಪಿಷ್ಟದಿಂದಾಗಲಿ ಒಂದು ಗ್ರಾಂ ಸಸಾರಜನಕದಿಂದಾಗಲಿ ದೇಹಕ್ಕೆ ದೊರೆಯುವುದು ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಜಿಡ್ಡಿನಿಂದ ದೊರೆಯುವುದು 9 ಕ್ಯಾಲೊರಿ. ಆದರೆ ಜಿಡ್ಡಿನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ದೇಹದ ಪ್ರತಿಯೊಂದು ಜೀವಕೋಶದ ಸುತ್ತಲೂ ಇರುವ ತೆಳುವಾದ ಪೊರೆ ಮುಖ್ಯವಾಗಿ ಜಿಡ್ಡಿನಿಂದಲೇ ಆದುದು. ಮಿದುಳಿನ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಜಿಡ್ಡೇ ಇದೆ. ಸೊಪ್ಪು ತರಕಾರಿಗಳಲ್ಲಿರುವ ಕೆರೋಟಿನ್ ಎಂಬ, ಎ ಜೀವಸತ್ವಕ್ಕೆ ಮೂಲವಾದ ವಸ್ತುವು ಕರುಳಿನಲ್ಲಿ ಹೀರಲ್ಪಡಬೇಕಾದರೂ ಒಂದಿಷ್ಟು ಎಣ್ಣೆಯ ಸಂಗ ಬೇಕು.

ಎಣ್ಣೆ, ತುಪ್ಪ, ಬೆಣ್ಣೆ ಇವೆಲ್ಲವೂ ಮೇದಾಮ್ಲಗಳೆಂಬ ಘಟಕಗಳಿಂದ ಕೂಡಿದವುಗಳು. ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಒಂದು ಉದ್ದನೆಯ ಸರಪಳಿ. ಸರಪಳಿಯ ಇಂಗಾಲಗಳು ತಾವು ಹಿಡಿಯಬಹುದಾದಷ್ಟು ಜಲಜನಕವನ್ನು ಹಿಡಿದುಕೊಂಡಿದ್ದರೆ ಆ ಮೇದಾಮ್ಲವು ಪರ್ಯಾಪ್ತ. ಕೆಲವೆಡೆ ಜಲಜನಕವು ಕಡಿಮೆಯಾಗಿ, ಎರಡು ಇಂಗಾಲಗಳ ನಡುವೆ ದ್ವಿಬಂಧ ಏರ್ಪಟ್ಟಿದ್ದರೆ ಅದು ಅಪರ್ಯಾಪ್ತ. ಪರ್ಯಾಪ್ತ ಸರಪಳಿ ನೆಟ್ಟಗಿರುತ್ತದೆ; ಪ್ರಕೃತಿಯಲ್ಲಿ ಸಾಮಾನ್ಯವಾಗಿ ದೊರೆಯುವ ಅಪರ್ಯಾಪ್ತ ಸರಪಳಿಯು ದ್ವಿಬಂಧವಿದ್ದಲ್ಲಿ ಬಾಗಿರುತ್ತದೆ. ಜೋಳದ ಕಣಿಕೆಯನ್ನು ಬಣವೆ ಒಟ್ಟುವವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ನೆಟ್ಟನೆಯ ಕಣಿಕೆಗಳು ಒಂದರ ಮೇಲೊಂದು ಒತ್ತಾಗಿ ಕೂಡುತ್ತವೆ. ಡೊಂಕಾದ ಜಾಲಿಯ ಕೊಂಬೆಗಳನ್ನು ಹಾಗೆ ಒಟ್ಟಲು ಹೋದರೆ ನಡುನಡುವೆ ಸಂದು ಉಳಿಯುತ್ತದೆ. ಒತ್ತಾಗಿ ಕೂಡಿದ ಪರ್ಯಾಪ್ತ ಮೇದಾಮ್ಲಗಳು ಗಟ್ಟಿಯಾಗುತ್ತವೆ. ಸಂದುಬಿಟ್ಟ ಅಪರ್ಯಾಪ್ತಗಳು ದ್ರವವಾಗಿಯೇ ಉಳಿಯುತ್ತವೆ. ಹದಿನೆಂಟು ಇಂಗಾಲಗಳುಳ್ಳ ನಾಲ್ಕು ಮೇದಾಮ್ಲಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ದ್ವಿಬಂಧವೇ ಇಲ್ಲದ ಸ್ಟಿಯರಿಕ್ ಆಮ್ಲ ಕರಗುವುದು ಸುಮಾರು 69 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಒಂದು ದ್ವಿಬಂಧವುಳ್ಳ ಓಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲಿ. ಎರಡುಳ್ಳ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಮೂರುಳ್ಳ ಆಲ್ಫಾ ಲಿನೋಲೆನಿಕ್ ಆಮ್ಲ ಸೊನ್ನೆಗಿಂತ 11 ಡಿಗ್ರಿ ಕೆಳಗೆ. ಚಳಿಗಾಲದ ಬೆಳಗಿನಲ್ಲಿ ತುಪ್ಪ ಹೆಪ್ಪುಗಟ್ಟಿ, ಪಕ್ಕದ ಕುಸುಬೆಯ ಎಣ್ಣೆ ತಿಳಿಯಾಗಿಯೇ ಇರುವುದರ ಗುಟ್ಟು ಇದೇ.

ಬಹುಕಾಲದವರೆಗೆ ಜಿಡ್ಡನ್ನು ಕೇವಲ ಉರುವಲೆಂದೂ, ಕೆಲವು ಜೀವಸತ್ವಗಳನ್ನು ಹೊತ್ತು ತರುವ ವಾಹನವೆಂದೂ ವಿದ್ವಾಂಸರು ತಿಳಿದಿದ್ದರು. ಈ ನಂಬಿಕೆಯನ್ನು ಅಲುಗಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿಗಳು. ಇವರು ಇಲಿಗಳಿಗೆ ಜಿಡ್ಡಿನ ಲೇಶವೂ ಇಲ್ಲದ, ಉಳಿದ ಎಲ್ಲ ಪೋಷಕಗಳೂ ಇದ್ದ ಆಹಾರವನ್ನು ಉಣಿಸಿದರು. ಕೆಲವು ತಿಂಗಳಲ್ಲಿ ಇಲಿಗಳ ಚರ್ಮ ಹುರುಪೆಯೆದ್ದಿತು, ಬಾಲದ ತುದಿ ಕೆಟ್ಟಿತು, ಬೆಳವಣಿಗೆ ನಿಂತಿತು, ಮೂತ್ರಪಿಂಡಗಳು ಹಾಳಾದವು; ಕಡೆಗೆ ಅವು ಸತ್ತವು. ಸಾಯುವ ಮುನ್ನ ಲಿನೋಲಿಯಿಕ್ ಆಮ್ಲದ ಕೆಲವೇ ಹನಿಗಳನ್ನು ಕೊಟ್ಟ ಇಲಿಗಳು ಚೇತರಿಸಿಕೊಂಡವು. 1929 ಮತ್ತು 1930ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ, ದೇಹವು ತಾನಾಗಿ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಬರಬೇಕಾದ ಮೇದಾಮ್ಲಗಳು ಉಂಟೆಂಬುದು ತಿಳಿಯಿತು. ಅವುಗಳಿಗೆ ಅತ್ಯಾವಶ್ಯಕ ಮೇದಾಮ್ಲಗಳೆಂದು ಹೆಸರಾಯಿತು. ಪರ್ಯಾಪ್ತ ಮೇದಾಮ್ಲವನ್ನೂ ಓಲಿಯಿಕ್ ಆಮ್ಲವನ್ನೂ ದೇಹವು ರೊಟ್ಟಿಯ ಪಿಷ್ಟದಿಂದಲೇ ಮಾಡಿಕೊಳ್ಳಬಲ್ಲುದು. ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳನ್ನು ಮಾತ್ರ ಅದು ಹೊರಗಿನಿಂದ ಬೇಡಿಕೊಳ್ಳಲೇಬೇಕು.

ಎರಡು ಎಂದರೆ ಎರಡೂ ಬೇಕೆ, ಒಂದಿದ್ದರೆ ಸಾಲದೆ ಎಂಬ ಸಂದೇಹವು ಇನ್ನೂ ಐವತ್ತು ವರ್ಷಗಳ ಕಾಲ ಉಳಿಯಿತು. ಲಿನೋಲಿಯಿಕ್ ಆಮ್ಲದ ಅಗತ್ಯವನ್ನು ವೈದ್ಯರು ಒಪ್ಪಿದ್ದರು. ಆಲ್ಫಾ ಲಿನೋಲೆನಿಕ್ ಆಮ್ಲದ ಬಗ್ಗೆ ಅವರಿಗೆ ಅಷ್ಟು ನೆಚ್ಚಿಗೆ ಇರಲಿಲ್ಲ. ಆಗ ಒದಗಿದುದು ಒಬ್ಬ ಬಾಲಕಿಯ ಪ್ರಸಂಗ. ಅಮೆರಿಕದ ಆರು ವರ್ಷದ ಹುಡುಗಿಯೊಬ್ಬಳಿಗೆ ಹೊಟ್ಟೆಗೆ ಗುಂಡೇಟು ಬಿದ್ದು ಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ಬಾಯಿಯ ಮೂಲಕ ಉಣ್ಣಲಾರದ ಅವಳಿಗೆ ರಕ್ತನಾಳದ ಮೂಲಕವೇ ಆಹಾರವನ್ನು ಕೊಡುತ್ತಿದ್ದರು. ಆ ಆಹಾರದ ಜಿಡ್ಡು ಕುಸುಬೆಯ ಎಣ್ಣೆಯಿಂದ ಬಂದುದಾಗಿತ್ತು. ಕುಸುಬೆಯ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೇರಳ. ಆಲ್ಫಾ ಲಿನೋಲೆನಿಕ್ ಆಮ್ಲ ಇಲ್ಲವೆನ್ನುವಷ್ಟು ಅಲ್ಪ. ಕೆಲವು ತಿಂಗಳು ಕಳೆಯುವುದರೊಳಗೆ ಹುಡುಗಿಗೆ ಕೈಕಾಲು ಜೋಮುಹಿಡಿಯತೊಡಗಿತು; ನಡೆಯಲು ತ್ರಾಣ ಸಾಲದಾಯಿತು; ಕಣ್ಣು ಮಂಜಾಯಿತು. ರಾಲ್ಫ್ ಹೋಲ್ಮನ್ ಮತ್ತು ಅವರ ಸಂಗಡಿಗರು ಅವಳ ರಕ್ತವನ್ನು ಪರೀಕ್ಷಿಸಿ ಕೊರತೆ ಯಾವುದರದೆಂಬುದನ್ನು ಗುರುತಿಸಿದರು. ಕುಸುಬೆಯ ಎಣ್ಣೆಗೆ ಬದಲಾಗಿ, ಆಲ್ಫಾ ಲಿನೋಲೆನಿಕ್ ಆಮ್ಲವೂ ಇರುವ ಸೋಯಾ ಅವರೆಯ ಎಣ್ಣೆಯನ್ನು ಕೊಡಲಾಯಿತು. ತೊಂದರೆಗಳು ಮಾಯವಾದವು. ಈ ವೃತ್ತಾಂತವು 1982ರಲ್ಲಿ ಪ್ರಕಟವಾಯಿತು.

ಹುಕ್ಕೇರಿಯ ರೈತನಿಗೆ ಈ ಕಥೆಯ ಎರಡು ಬೆಳೆಗಳೂ ಅಪರಿಚಿತವಲ್ಲ. ಕುಸುಬೆಯು ಉತ್ತರ ಕರ್ನಾಟಕದ ಎರೆಭೂಮಿಯ ಹಳೆಯ ಬೆಳೆ. ಅದರ ಮುಳ್ಳಿಗೆ ಅಂಜಿ ದನಗಳು ಹೊಲದೊಳಗೆ ನುಗ್ಗುವುದಿಲ್ಲವೆಂದು ಬಿಳಿಜೋಳದ ಸುತ್ತ ಬೇಲಿಯಂತೆ ಅದನ್ನು ಬಿತ್ತುವ ಪದ್ಧತಿಯಿತ್ತು. ಹೀಗೆ ಹೊಲವನ್ನೂ ಕಾಯ್ದು, ಮನೆಗೆ ಎಣ್ಣೆಯನ್ನೂ ಕೊಡುವ ಬೆಳೆ ಅದು. ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಲಿನೋಲಿಯಿಕ್ ಆಮ್ಲವಿರುತ್ತದೆ. ಹಾಗಾದರೆ ಕುಸುಬೆಯ ಎಣ್ಣೆಯನ್ನೇ ಬಳಸಿದ ಹಿಂದಿನ ಮನೆಗಳಲ್ಲಿ ಎರಡನೆಯ ಮೇದಾಮ್ಲವು ಎಲ್ಲಿಂದ ಬಂದಿತು? ಒಂದಿಷ್ಟು ಸೊಪ್ಪಿನಿಂದ ಬಂದಿತು. ಎಲೆಯ ಹಸುರು ಕಣಗಳ ಪೊರೆಯಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲವೇ ಪ್ರಧಾನ. ಆದರೆ ಎಲೆಯಲ್ಲಿ ಜಿಡ್ಡಿನ ಒಟ್ಟು ಪ್ರಮಾಣವೇ ಕಡಿಮೆ. ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಮೆಂತ್ಯೆ, ಹೊಲದಲ್ಲಿ ತಾನಾಗಿ ಹಬ್ಬುವ ಗೋಳಿಸೊಪ್ಪು ಇವುಗಳ ಪಾಲು ಸಣ್ಣದಾದರೂ ದಿನನಿತ್ಯದ್ದು. ಹೆಚ್ಚಿನ ಪಾಲು ಮಾತ್ರ ಅಗಸೆಯದು.

ಅಗಸೆಗೆ ಆ ಸೀಮೆಯಲ್ಲಿ ಅಗಸಿ ಎನ್ನುತ್ತಾರೆ. ಊರಬಾಗಿಲಿಗೂ ಅಗಸಿ ಎಂಬ ಹೆಸರೇ ಇರುವುದರಿಂದ ಹೊಸಬರು ಗಲಿಬಿಲಿಗೊಳ್ಳುವುದುಂಟು. ಹಿಂಗಾರಿಯಲ್ಲಿ ಎರೆಭೂಮಿಯ ತಂಪನ್ನೇ ನೆಚ್ಚಿ ಬೆಳೆಯುವ ಸಣ್ಣ ಗಿಡ ಇದು. ಕಡಲೆಯ ಜೊತೆಗೋ ಜೋಳದ ಜೊತೆಗೋ ಅಕ್ಕಡಿಯ ಸಾಲಾಗಿ ಇದನ್ನು ಬಿತ್ತುತ್ತಿದ್ದರು. ಬೆಳಗಿನಲ್ಲಿ ಅರಳುವ ಇದರ ತಿಳಿನೀಲಿಯ ಹೂವು ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿಸಿಬಿಡುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಇಟ್ಟ ಹೆಸರು ಲೈನಮ್ ಯುಸಿಟಾಟಿಸಿಮಮ್. ಲ್ಯಾಟಿನ್ ಭಾಷೆಯಲ್ಲಿ ಎರಡನೆಯ ಪದಕ್ಕೆ 'ಅತ್ಯಂತ ಉಪಯುಕ್ತವಾದುದು' ಎಂದು ಅರ್ಥ. ಲಿನೋಲಿಯಿಕ್, ಲಿನೋಲೆನಿಕ್ ಎಂಬ ಎರಡು ಮೇದಾಮ್ಲಗಳ ಹೆಸರೂ ಈ ಗಿಡದ ಹೆಸರಿನಿಂದಲೇ ಹುಟ್ಟಿದುವು. ಬೀಜದ ತೂಕದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಎಣ್ಣೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ. ನಮ್ಮ ನಾಡಿನ ಸಾಮಾನ್ಯ ಆಹಾರಪದಾರ್ಥಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದು ಸಿಕ್ಕುವುದು ಕಷ್ಟ.

ಉಳಿದ ಎಣ್ಣೆಕಾಳುಗಳಿಗೂ ಅವುಗಳದೇ ಆದ ಸ್ಥಾನವುಂಟು. ಶೇಂಗಾ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೇ ಹೆಚ್ಚು. ಎಳ್ಳಿನಲ್ಲಿ ಓಲಿಯಿಕ್ ಮತ್ತು ಲಿನೋಲಿಯಿಕ್ ಹೆಚ್ಚುಕಡಿಮೆ ಸಮಪಾಲು. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿ ಆ ಭಾಗದ ಮನೆಗಳಲ್ಲಿ ತಪ್ಪದು. ಗುರೆಳ್ಳಿನ ಎಣ್ಣೆಯಲ್ಲಿ ಅರ್ಧಕ್ಕೂ ಮಿಕ್ಕಿ ಲಿನೋಲಿಯಿಕ್. ಇನ್ನು ಗೋಕಾಕದ ಕರದಂಟು! ಕರಿದ ಅಂಟು, ಬಾದಾಮಿ, ಗೋಡಂಬಿ, ಒಣಕೊಬ್ಬರಿ, ತುಪ್ಪ, ಬೆಲ್ಲ ಇವೆಲ್ಲ ಸೇರಿದ ಆ ಸಿಹಿಯಲ್ಲಿ ಬಾದಾಮಿ, ಗೋಡಂಬಿಗಳ ಓಲಿಯಿಕ್ ಆಮ್ಲವೂ ಉಂಟು, ತುಪ್ಪ, ಕೊಬ್ಬರಿಗಳ ಪರ್ಯಾಪ್ತ ಜಿಡ್ಡೂ ಉಂಟು. ಬಾಣಂತಿಯರಿಗೂ ಕುಸ್ತಿಯ ಪೈಲವಾನರಿಗೂ ಅದು ಒಪ್ಪುತ್ತದೆ; ಕುಳಿತಲ್ಲಿಯೇ ಕುಳಿತಿರುವವರು ಒಂದು ತುಣುಕಿಗೆ ಕೈ ಹಿಂದೆಗೆಯುವುದು ಲೇಸು.

ಮೀನಿನ ಮಾತನ್ನು ಬಿಟ್ಟರೆ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಮಂಗಳೂರು, ಮಲ್ಪೆ, ಕಾರವಾರಗಳ ಕರಾವಳಿಯಲ್ಲಿ ಜನಸಾಮಾನ್ಯರ ಮೀನುಗಳಾದ ಬೂತಾಯಿ, ಬಂಗುಡೆಗಳಲ್ಲಿ ಆಲ್ಫಾ ಲಿನೋಲೆನಿಕ್ ಕುಲಕ್ಕೇ ಸೇರಿದ, ಇನ್ನೂ ಉದ್ದವಾದ ಸರಪಳಿಯ ಎರಡು ಮೇದಾಮ್ಲಗಳು ಇವೆ. ಮಿದುಳು ಮತ್ತು ಕಣ್ಣಿನ ಅಕ್ಷಿಪಟಲ ಬಯಸುವುದು ಇವುಗಳಲ್ಲೊಂದನ್ನು. 1970ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನಲ್ಲಿ ಸೀಲು ಮತ್ತು ಮೀನುಗಳನ್ನೇ ಉಂಡು ಬದುಕುವ ಜನರ ರಕ್ತವನ್ನು ಪರೀಕ್ಷಿಸಿದ ಮೇಲೆ ಇವುಗಳ ಕಡೆಗೆ ಲೋಕದ ಗಮನ ಹರಿಯಿತು. ಅಗಸೆಯ ಮೇದಾಮ್ಲವನ್ನು ದೇಹವು ಈ ಉದ್ದನೆಯ ರೂಪಕ್ಕೆ ಮಾರ್ಪಡಿಸಿಕೊಳ್ಳಬಲ್ಲುದಾದರೂ, ಮಾರ್ಪಡುವ ಪಾಲು ತೀರ ಸ್ವಲ್ಪ. ಅಗಸೆ ತಿಂದರೆ ಮೀನು ತಿಂದಂತೆಯೇ ಎಂದು ಹೇಳುವವರು ಅತಿಶಯೋಕ್ತಿ ಆಡುತ್ತಾರೆ. ಆದರೆ ಸಮುದ್ರದಿಂದ ದೂರವಿದ್ದು, ಮೀನು ಮುಟ್ಟದ ಮನೆಗಳೇ ಬಹಳವಾಗಿರುವ ಸೀಮೆಯಲ್ಲಿ ಆ ಸ್ವಲ್ಪಕ್ಕೂ ಬೆಲೆಯುಂಟು. ಅದಲ್ಲದೆ ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಎರಡೂ ಈ ಮಾರ್ಪಾಟಿಗಾಗಿ ಒಂದೇ ಕಿಣ್ವಗಳ ಬಾಗಿಲಿನಲ್ಲಿ ಸರದಿ ನಿಲ್ಲುತ್ತವೆ. ಮೊದಲನೆಯದು ವಿಪರೀತವಾದರೆ ಎರಡನೆಯದಕ್ಕೆ ಎಡೆ ಸಿಕ್ಕುವುದಿಲ್ಲ. ಲಿನೋಲಿಯಿಕ್ ಆಮ್ಲವು ಇನ್ನೊಂದರ ಐದರಿಂದ ಹತ್ತು ಪಟ್ಟಿನೊಳಗೆ ಇರಲೆಂದು ಆಹಾರತಜ್ಞರು ಹೇಳುವುದು ಈ ಕಾರಣದಿಂದಲೇ.

ಈ ಕಾಳುಗಳ ಬಳಕೆ ಕನ್ನಡನಾಡಿನಲ್ಲಿ ಬಹು ಪುರಾತನವಾದುದು. ದೇವಾಲಯದ ನಂದಾದೀವಿಗೆಗೆ ಗಾಣದವರು ಇಂತಿಷ್ಟು ಎಣ್ಣೆ ಸಲ್ಲಿಸಬೇಕೆಂಬ ಕಟ್ಟಳೆಯನ್ನು ಹಳೆಯ ಶಾಸನಗಳಲ್ಲಿ ಕಾಣುತ್ತೇವೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪನೂ ಒಬ್ಬನು. ಎತ್ತು ಕಟ್ಟಿ ತಿರುಗಿಸುವ ಮರದ ಗಾಣದಲ್ಲಿ ಎಣ್ಣೆ ಸಾವಕಾಶವಾಗಿ ಇಳಿಯುತ್ತಿತ್ತು. ಇಳಿದಷ್ಟನ್ನು ಮನೆಯವರು ಅಳೆದು ಬಳಸುತ್ತಿದ್ದರು. ಎಣ್ಣೆ ದುಬಾರಿಯಾಗಿದ್ದ ಕಾಲದಲ್ಲಿ ಕಾಳನ್ನೇ ಕುಟ್ಟಿ ಹಿಂಡಿ ಮಾಡಿ ಉಣ್ಣುವುದು ಬಡವರ ಜಾಣತನವಾಗಿತ್ತು. ಎಣ್ಣೆಯೊಡನೆ ಕಾಳಿನ ನಾರೂ ಸಸಾರಜನಕವೂ ಹೊಟ್ಟೆಗೆ ಬರುತ್ತಿದ್ದವು.

ಆಮೇಲೆ ಕಾಲ ಬದಲಾಯಿತು. ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಹಕ್ಕುಪತ್ರ ಪಡೆದನು. 1937ರಲ್ಲಿ ಡಾಲ್ಡಾ ಎಂಬ ಹೆಸರಿನ ವನಸ್ಪತಿಯು ಭಾರತದ ಪೇಟೆಗೆ ಬಂದಿತು. ತುಪ್ಪದಂತೆ ಕಾಣುವ, ತುಪ್ಪಕ್ಕಿಂತ ಅಗ್ಗವಾದ ವಸ್ತುವಿಗೆ ಜನ ಮರುಳಾದುದು ಸಹಜ. ಆದರೆ ಜಲಜನಕವನ್ನು ಅರೆಬರೆಯಾಗಿ ಕೂಡಿಸಿದಾಗ, ದ್ವಿಬಂಧವಿದ್ದರೂ ಬಾಗದೆ ನೆಟ್ಟಗೇ ನಿಲ್ಲುವ ಟ್ರಾನ್ಸ್ ಎಂಬ ಬಗೆಯ ಮೇದಾಮ್ಲಗಳು ಹುಟ್ಟುತ್ತವೆ. ಇವು ರಕ್ತದಲ್ಲಿ ಕೇಡಿನ ಕೊಲೆಸ್ಟರಾಲನ್ನು ಏರಿಸುತ್ತವೆ, ಒಳಿತಿನದನ್ನು ಇಳಿಸುತ್ತವೆ, ಹೃದ್ರೋಗಕ್ಕೆ ದಾರಿಮಾಡುತ್ತವೆ. ಈ ದೋಷ ಸ್ಪಷ್ಟವಾಗಿ ಅರಿವಾಗುವ ವೇಳೆಗೆ ವನಸ್ಪತಿಯು ಎರಡು ತಲೆಮಾರುಗಳ ಅಡುಗೆಮನೆಯನ್ನು ಹೊಕ್ಕು ಬಂದಿತ್ತು. ಎಣ್ಣೆ ಮತ್ತು ಜಿಡ್ಡುಗಳಲ್ಲಿ ಟ್ರಾನ್ಸ್ ಮೇದಾಮ್ಲವು ನೂರಕ್ಕೆ 2 ಪಾಲನ್ನು ಮೀರಬಾರದೆಂಬ ನಿಯಮವು ಭಾರತದಲ್ಲಿ ಜಾರಿಗೆ ಬಂದುದು 2022ರ ಜನವರಿಯಿಂದ.

ಹೊಲಗಳೂ ಬದಲಾದವು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಕಾಲುವೆಗಳು ಹರಿದೆಡೆಯಲ್ಲೆಲ್ಲ ಕಬ್ಬು ಬಂದಿತು. ಸಂಕೇಶ್ವರವೇ ಮೊದಲಾದ ಕಡೆ ಸಕ್ಕರೆಯ ಕಾರ್ಖಾನೆಗಳು ಎದ್ದವು. ಕಬ್ಬಿನಿಂದ ರೈತನ ಕೈಗೆ ಹಣ ಬಂದುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಗಸೆಯ ಒಂದು ಅಕ್ಕಡಿಯಿಂದ ಮಗಳ ಮದುವೆಯಾಗದು. ಆದರೆ ಕಬ್ಬು ತನ್ನೊಳಗೆ ಅಗಸೆ, ಕುಸುಬೆ, ಗುರೆಳ್ಳುಗಳಿಗೆ ಸಾಲು ಬಿಡಲಿಲ್ಲ. ಮುಂಗಾರಿನಲ್ಲಿ ಸೋಯಾ ಅವರೆ ಬಂದಿದೆ. ಇಂದು ಬೆಳಗಾವಿ ಜಿಲ್ಲೆಯಲ್ಲಿ ಅದು ಬಹುವಾಗಿ ಬೆಳೆಯುವ ಬೆಳೆ. ಅದರ ಎಣ್ಣೆಯಲ್ಲಿ ನೂರಕ್ಕೆ ಸುಮಾರು 7 ಪಾಲು ಆಲ್ಫಾ ಲಿನೋಲೆನಿಕ್ ಇರುವುದು ಸಮಾಧಾನದ ಸಂಗತಿ. ಆದರೆ ಸೋಯಾ ಬೆಳೆದವನ ಮನೆಗೆ ಸೋಯಾ ಎಣ್ಣೆಯೇ ಬರುವುದೆಂಬ ಭರವಸೆಯಿಲ್ಲ. ಕಾಳು ಗಿರಣಿಗೆ ಹೋಗುತ್ತದೆ. ಹೊರದೇಶಗಳಿಂದ ಬಂದ ತಾಳೆಯ ಎಣ್ಣೆ ಅಂಗಡಿಯ ಮೂಲಕ ಮನೆಗೆ ಬರುತ್ತದೆ. ಅದರ ಮೇದಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಪರ್ಯಾಪ್ತ. ಆಲ್ಫಾ ಲಿನೋಲೆನಿಕ್ ಅತ್ಯಲ್ಪ. ಹೆದ್ದಾರಿಯ ಬದಿಯ ಬಾಣಲೆಗಳಲ್ಲಿ ಹೊತ್ತಾರೆಯಿಂದ ಸಂಜೆಯವರೆಗೆ ಮತ್ತೆ ಮತ್ತೆ ಕಾಯುವ ಎಣ್ಣೆಯ ಗುಣವು ಇನ್ನೂ ಕೀಳು. ಹಿಂಡಿಯನ್ನು ಕಂಡು ಮೋರೆ ತಿರುವಿದ ಹುಡುಗನು ಹಣ ಕೊಟ್ಟು ಕೊಳ್ಳುವುದು ಅಂತಹ ಬಾಣಲೆಯಿಂದಲೇ.

ಅವನಿಗೆ ದಿನಕ್ಕೆ ಬೇಕಾದುದು ಎಷ್ಟು? ಬೆಳೆದವರಿಗೆ ಒಂದರಿಂದ ಒಂದೂವರೆ ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಸಾಕೆಂಬುದು ಸಾಮಾನ್ಯ ಅಂದಾಜು. ನೂರು ಗ್ರಾಂ ಅಗಸೆಯಲ್ಲಿ ಅದು 20 ಗ್ರಾಂಗಿಂತ ಕಡಿಮೆಯಿರುವುದಿಲ್ಲ. ಹಾಗಾದರೆ ಏಳೆಂಟು ಗ್ರಾಂ ಕಾಳಿನ ಪುಡಿ, ಎಂದರೆ ಒಂದು ದೊಡ್ಡ ಚಮಚದಷ್ಟು ಹಿಂಡಿ, ದಿನದ ಅಗತ್ಯವನ್ನು ನೀಗಿಸುತ್ತದೆ. ಅದು ಔಷಧವಲ್ಲ, ಬಟ್ಟಲುಗಟ್ಟಲೆ ತಿಂದರೆ ಹೆಚ್ಚು ಫಲ ಬರುವುದೂ ಇಲ್ಲ. ಜಿಡ್ಡು ಯಾವುದೇ ಆದರೂ ಗ್ರಾಂಗೆ 9 ಕ್ಯಾಲೊರಿ ಎಂಬ ಲೆಕ್ಕ ಅಗಸೆಗೂ ತಪ್ಪಿದ್ದಲ್ಲ.

ಈಗ ಅಜ್ಜಿಯು ಹಿಂಡಿ ಮಾಡುವ ಕ್ರಮವನ್ನು ನೋಡಬೇಕು. ಅವಳು ಅಗಸಿಯನ್ನು ಕೇರಿ, ಕಲ್ಲು ಆರಿಸಿ, ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ ಮಾತ್ರ ಹುರಿಯುತ್ತಾಳೆ. ಹಸಿಯ ಅಗಸೆಯಲ್ಲಿ ಸಯನೈಡನ್ನು ಬಿಡುವ ಒಂದು ವಸ್ತು ಅಲ್ಪ ಪ್ರಮಾಣದಲ್ಲಿರುತ್ತದೆ. ಶಾಖದಿಂದ ಅದು ಕಡಿಮೆಯಾಗುತ್ತದೆ. ಹುರಿದುದನ್ನು ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಒರಳಿನಲ್ಲಿ ಕುಟ್ಟುತ್ತಾಳೆ. ಕುಟ್ಟದೆ ಹಾಗೆಯೇ ನುಂಗಿದ ಕಾಳು, ಗಟ್ಟಿಯಾದ ಸಿಪ್ಪೆಯ ದೆಸೆಯಿಂದ ಜೀರ್ಣವಾಗದೆ ಹೊರಬೀಳುತ್ತದೆ. ಒಮ್ಮೆಗೆ ಎಂಟು ದಿನಕ್ಕಾಗುವಷ್ಟನ್ನೇ ಕುಟ್ಟುತ್ತಾಳೆ. ಹೆಚ್ಚು ಕುಟ್ಟಿದರೆ ಮುಗ್ಗು ವಾಸನೆ ಬರುವುದೆಂದು ಅವಳ ಅನುಭವ. ದ್ವಿಬಂಧಗಳು ಹೆಚ್ಚಾದಷ್ಟೂ ಗಾಳಿಯ ಆಮ್ಲಜನಕವು ಎಣ್ಣೆಯನ್ನು ಬೇಗ ಆಕ್ರಮಿಸುತ್ತದೆ. ಬಡಿಗನು ಬಾಗಿಲಿಗೆ ಸವರಿದ ಅಗಸೆಯ ಎಣ್ಣೆ ಕೆಲವೇ ದಿನಗಳಲ್ಲಿ ಒಣಗಿ ಪದರಗಟ್ಟುವುದೂ, ಯೂರೋಪಿನ ಚಿತ್ರಕಾರರು ಬಣ್ಣಕ್ಕೆ ಈ ಎಣ್ಣೆಯನ್ನೇ ಬೆರೆಸಿದುದೂ ಇದೇ ಗುಣದಿಂದ. ಬಾಗಿಲಿಗೆ ಹಿತವಾದುದು ಬುತ್ತಿಗೆ ಅಹಿತ. ಆದುದರಿಂದ ಅವಳು ಹಿಂಡಿಯನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಒಲೆಯಿಂದ ದೂರದ ನೆರಳಿನ ಗೂಡಿನಲ್ಲಿಡುತ್ತಾಳೆ. ಉಣ್ಣುವಾಗ ರೊಟ್ಟಿಯ ಮೇಲೆ ಹಿಂಡಿಯನ್ನು ಹಾಕಿ, ನಡುವೆ ಬೆರಳಿನಿಂದ ಸಣ್ಣ ಕುಣಿ ಮಾಡಿ, ಕಾಯಿಸದ ಶೇಂಗಾ ಎಣ್ಣೆಯನ್ನು ಒಂದು ಚಮಚ ಬಿಟ್ಟು ಕಲೆಸಿಕೊಡುತ್ತಾಳೆ.